ಬಣ್ಣಕ್ಕೆ ಮುಂಚೆ ಒಳಗೆ ನೋಡಿ, ಮೇಷ್ಟ್ರೇ

ಸೈಕಲ್ ಫ್ರೇಮನ್ನು ಸೋಮವಾರ ಪೌಡರ್ ಕೋಟಿಂಗಿಗೆ ಕೊಟ್ಟುಬಿಡ್ತೀನಿ ಅಂತ ನೀವು ಫೋನಿನಲ್ಲಿ ಹೇಳ್ತಿದ್ದುದು ಕಾಂಪೌಂಡಿನ ಈಚೆಗೂ ಕೇಳಿಸ್ತು, ಮೇಷ್ಟ್ರೇ. ಒಂದು ನಿಮಿಷ ಇತ್ತ ಬನ್ನಿ. ಅದನ್ನೂ ಎತ್ತಿಕೊಂಡೇ ಬನ್ನಿ, ಗೋಡೆ ಮೇಲಿಟ್ಟು ನೋಡೋಣ. ಎರಡು ಬೆರಳಲ್ಲಿ ಎತ್ತಿದಿರಿ, ನೋಡಿ. ಉಕ್ಕಿನದಾದರೂ ಅದು ಇಷ್ಟು ಹಗುರ ಯಾಕೆ ಅನ್ನೋದು ಗೊತ್ತಾದರೆ ಸೋಮವಾರದ ವಿಚಾರ ನೀವೇ ಬದಲಾಯಿಸ್ತೀರಿ.

ಸೀಟಿನ ಪೈಪಿನ ಮೇಲೆ, ಇಲ್ಲಿ, ಹರಿದ ಸ್ಟಿಕರಿನ ಚೂರು ಉಳಿದಿದೆ. ‘531’ ಅಂತ ಓದಕ್ಕಾಗುತ್ತಲ್ಲ? ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ಹೊರತಂದ ಪೈಪು ಅದು. ಉಕ್ಕಿಗೆ ಮ್ಯಾಂಗನೀಸ್, ಮಾಲಿಬ್ಡಿನಮ್ ಬೆರೆಸಿ ಮಾಡಿದ್ದು. ಎಷ್ಟೋ ವರ್ಷ ಟೂರ್ ಡಿ ಫ್ರಾನ್ಸ್ ಗೆದ್ದವರ ಸೈಕಲ್ಲು ಇದೇ ಪೈಪಿನವು. ಜಾಗ್ವಾರ್ ಇ-ಟೈಪ್ ಕಾರಿನ ಎಂಜಿನ್ ಹೊರುವ ಮುಂದಿನ ಚೌಕಟ್ಟಿಗೂ ಇದನ್ನೇ ಬಳಸಿದರು. ಈ ಪೈಪು ಎಲ್ಲ ಕಡೆ ಒಂದೇ ದಪ್ಪ ಇರೋದಿಲ್ಲ. ಬೆಸುಗೆಯ ಕಾವು ತಗಲುವ ಎರಡು ತುದಿಯಲ್ಲಿ ಗೋಡೆ ದಪ್ಪ, ನಡುವೆ ತೆಳು. ಈ ಉಪಾಯಕ್ಕೆ ಆ ಮನೆತನದ ಆಲ್ಫ್ರೆಡ್ ರೆನಾಲ್ಡ್ಸ್ 1897ರಲ್ಲೇ ಪೇಟೆಂಟ್ ಮಾಡಿಸಿದ್ದ. ಉಗುರಿನಿಂದ ನಡುವೆ ತಟ್ಟಿ, ಹಾಗೇ ತುದಿಯ ಕಡೆಗೆ ತಟ್ಟುತ್ತಾ ಬನ್ನಿ. ಸದ್ದು ಎಲ್ಲಿ ಬದಲಾಯ್ತೋ ಅಲ್ಲಿಂದ ದಪ್ಪ ಶುರು. ನಡುವೆ ಇರೋದು ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಉಕ್ಕು, ಅಷ್ಟೇ.

ಈಗ ಪೌಡರ್ ಕೋಟಿಂಗಿನವರ ಕೆಲಸ ಯೋಚನೆ ಮಾಡಿ. ದಿನವಿಡೀ ಅವರ ಕೈಗೆ ಬರೋದು ಗೇಟು, ಗ್ರಿಲ್ಲು, ಕುರ್ಚಿ ಕಾಲು. ತುಕ್ಕು ಹಾರಿಸೋಕೆ ಒರಟು ಗ್ರಿಟ್ ಹಾಕಿ ಜೋರಾಗಿ ಬ್ಲಾಸ್ಟಿಂಗ್ ಮಾಡ್ತಾರೆ, ಗೇಟಿಗೆ ಅದು ಸರಿಯೇ. ಅರ್ಧ ಮಿಲಿಮೀಟರಿಗೆ ಅದೇ ಒತ್ತಡದಲ್ಲಿ ಹೊಡೆದರೆ ಉಕ್ಕೇ ಸವೆದುಹೋಗುತ್ತೆ. ಒಲೆಯ ಕಾವಿನ ಬಗ್ಗೆ ನನ್ನ ತಕರಾರಿಲ್ಲ. ಅದು 180–200 ಡಿಗ್ರಿ. ಕೀಲಿನಲ್ಲಿರೋ ಹಿತ್ತಾಳೆ ಬೆಸುಗೆ ಕರಗೋದು 900ರ ಆಸುಪಾಸಿನಲ್ಲಿ. ತಕರಾರಿರೋದು ಬ್ಲಾಸ್ಟಿಂಗ್ ಬಗ್ಗೆ, ಆಮೇಲೆ ಕೂರುವ ಪದರದ ದಪ್ಪದ ಬಗ್ಗೆ.

ಕನ್ನಡಕ ಹಾಕಿಕೊಂಡು ಈ ಕೀಲು ನೋಡಿ. ಎರಡು ಪೈಪು ಸೇರುವ ಕಡೆ ತೊಡಿಸಿರೋ ಈ ಉಕ್ಕಿನ ತೋಳಿಗೆ ಲಗ್ ಅಂತಾರೆ. ಇದರ ಅಂಚನ್ನು ಯಾರೋ ಕೂತು ಅರ ಹಾಕಿ ತೆಳು ಮಾಡಿದಾರೆ. ತುದಿಗೆ ಬರ್ತಾ ಬರ್ತಾ ಅದು ಪೈಪಿನೊಳಗೇ ಕರಗಿಹೋಗೋ ಹಾಗೆ ಇಳಿಸಿ, ಕೊನೆಯಲ್ಲಿ ಒಂದು ಚೂಪು ಬಿಟ್ಟಿದಾರೆ. ಬೆರಳಾಡಿಸಿ. ಅಂಚು ಸಿಕ್ಕಿತೋ ಇಲ್ಲವೋ ಅನ್ನೋಷ್ಟು ನಯ. ಆ ಪೌಡರ್ ಪದರ 60–100 ಮೈಕ್ರಾನ್ ಕೂತರೆ ಇದೆಲ್ಲ ಮುಚ್ಚಿಹೋಯ್ತು. ಹಳ್ಳಿ ಗುಡಿಯ ಕಲ್ಲಿನ ವಿಗ್ರಹಗಳಿಗೆ ವರ್ಷ ವರ್ಷ ಎನಾಮಲ್ ಬಳಿದು ಬೆರಳು, ಒಡವೆ, ಮೂಗಿನ ತುದಿ ಎಲ್ಲ ಮಾಯವಾಗುತ್ತಲ್ಲ, ಹಾಗೇ. ತುಂಬ ಎಚ್ಚರಿಕೆಯಿಂದ ತೆಳುವಾಗಿ ಪೌಡರ್ ಹಾಕೋರೂ ಇದಾರೆ. ಆದರೂ ಇಂಥ ಕೆಲಸದ ಫ್ರೇಮಿಗೆ ಸ್ಪ್ರೇ ಬಣ್ಣವೇ ಮರ್ಯಾದೆ ಅಂತ ನನ್ನ ಅಭಿಪ್ರಾಯ.

ಹಾಗಾದರೆ ಹಳೇ ಬಣ್ಣವನ್ನೇ ಉಳಿಸಿಕೊಳ್ಳಬಾರದೇ ಅಂದಿರಾ? ಉಳಿಸಬಹುದಾಗಿದ್ದರೆ ನಾನೇ ಬೇಡಿಕೊಳ್ತಿದ್ದೆ. ಅಲ್ಲಲ್ಲಿ ಎದ್ದಿದ್ದರೂ ಮೂಲ ಬಣ್ಣ ಮೂಲ ಬಣ್ಣವೇ, ಅದನ್ನು ಮತ್ತೆ ತರಕ್ಕಾಗಲ್ಲ. ಆದರೆ ನಿಮ್ಮ ಸೋದರಮಾವ ಹಡಗಿನಲ್ಲಿ ತಂದ ಮೇಲೆ ಯಾರೋ ಇದಕ್ಕೆ ಬ್ರಶ್ಶಿನಲ್ಲಿ ಸಿಲ್ವರ್ ಪೇಂಟ್ ಬಳಿದುಬಿಟ್ಟಿದಾರೆ, ಅದರಡಿ ತುಕ್ಕು ಹರಡಿದೆ. ಹಾಗಾಗಿ ಬಣ್ಣ ತೆಗೀಲೇಬೇಕು. ತೆಗೆಯೋ ಮುಂಚೆ ಹ್ಯಾಂಡಲ್ ಕೂರುವ ಹೆಡ್ ಟ್ಯೂಬಿನ ಬ್ಯಾಡ್ಜ್ ಮೆಲ್ಲಗೆ ಕಳಚಿ. ಅದರಡಿಯಲ್ಲಿ ಬಿಸಿಲು ಕಾಣದ ಬಣ್ಣ ಅಂಗೈ ಕಾಲುಭಾಗದಷ್ಟಾದರೂ ಇರುತ್ತೆ. ಅದನ್ನೇ ಕಾರಿನ ಬಣ್ಣ ಕಲಸಿಕೊಡೋ ಅಂಗಡಿಗೆ ತೋರಿಸಿ. ಫೋಟೋ ತೋರಿಸಬೇಡಿ, ಫೋನಿನ ಪರದೆಯಲ್ಲಿ ಬಣ್ಣ ಸರಿಯಾಗಿ ಬರಲ್ಲ.

ಅದಕ್ಕೂ ಮುಂಚೆ ಒಳಗೆ ನೋಡೋಣ. ಒಳಗೆ ಕೊಳೆತಿದ್ದರೆ ಹೊರಗೆ ಯಾವ ಬಣ್ಣ ಹಾಕಿ ಏನು ಪ್ರಯೋಜನ? ಮಳೆ ನೀರು ಸೀಟಿನ ಪೈಪಿನಲ್ಲಿ ಇಳಿದು ಪೆಡಲ್ ಆಕ್ಸಲ್ ಕೂರುವ ಈ ಬಾಟಮ್ ಬ್ರಾಕೆಟ್ (ಬಿ.ಬಿ.) ಗೂಡಿನಲ್ಲಿ ನಿಲ್ಲುತ್ತೆ. ಬಿ.ಬಿ. ಕಪ್ ಎರಡನ್ನೂ ಬಿಚ್ಚಿ ಟಾರ್ಚ್ ಬಿಡಬೇಕು. ಬಲಗಡೆ ಕಪ್ಪಿಗೆ ಉಲ್ಟಾ ಥ್ರೆಡ್ ಇರುತ್ತೆ, ಅದನ್ನು ಬಿಚ್ಚೋಕೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಗೊತ್ತಿಲ್ಲದೆ ಜೋರು ಮಾಡಿದರೆ ಥ್ರೆಡ್ ಹೋಯ್ತು. ಒಳಗೆ ಬರೀ ಕೆಂಪು ಧೂಳಿದ್ದರೆ ಚಿಂತೆಯಿಲ್ಲ. ಸ್ಕ್ರೂಡ್ರೈವರ್ ತುದಿ ಒತ್ತಿದಾಗ ಪದರ ಪದರ ಏಳ್ತಿದ್ದರೆ ಮಾತ್ರ ಬೆಸುಗೆ ಗೊತ್ತಿರೋರಿಗೆ ತೋರಿಸಬೇಕು.

ಆಮೇಲೆ ದಾರದ ಪರೀಕ್ಷೆ. ನಿಮ್ಮ ಮನೆಯವರ ಹೊಲಿಗೆ ಡಬ್ಬಿಯಿಂದ ಗಟ್ಟಿ ದಾರ ಇಸಕೊಳ್ಳಿ. ಹಿಂದಿನ ಚಕ್ರ ಕೂರುವ ಎಡಗಡೆ ಕೊಂಡಿಗೆ ಕಟ್ಟಿ, ಮುಂದೆ ಹೆಡ್ ಟ್ಯೂಬ್ ಸುತ್ತಿಸಿ, ವಾಪಸ್ಸು ತಂದು ಬಲಗಡೆ ಕೊಂಡಿಗೆ ಬಿಗಿಯಾಗಿ ಕಟ್ಟಿ. ಈಗ ಸೀಟಿನ ಪೈಪಿಗೂ ದಾರಕ್ಕೂ ಇರೋ ಅಂತರ ಎರಡು ಕಡೆನೂ ಅಳೀರಿ. ಎರಡೂ ಒಂದೇ ಬಂದರೆ ಹಿಂಭಾಗ ನೇರ ಇದೆ. ವ್ಯತ್ಯಾಸ ಬಂದರೂ ಗಾಬರಿ ಬೇಡ, ಉಕ್ಕನ್ನು ತಣ್ಣಗಿರುವಾಗಲೇ ಬಗ್ಗಿಸಿ ಸರಿಮಾಡಬಹುದು. ಅದನ್ನೂ ಬಣ್ಣಕ್ಕೆ ಮುಂಚೆಯೇ ಮಾಡಬೇಕು.

ಬಣ್ಣ ತೆಗೆಯೋದು ಬರೀ ತಾಳ್ಮೆಯ ಕೆಲಸ. ಪೇಂಟ್ ರಿಮೂವರ್ ಹಚ್ಚಿ, ಕೈಗೆ ಗ್ಲೌಸ್ ಹಾಕಿ, ಗಾಳಿಯಾಡೋ ಕಡೆ ಕೂತು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆಯಿರಿ. ಲಗ್ ಅಂಚಿಗೆ ಹಳೇ ಹಲ್ಲುಜ್ಜೋ ಬ್ರಶ್ಶು. ಕೊನೆಗೆ ವಾಟರ್ ಪೇಪರ್. ಬರಿ ಉಕ್ಕು ಕಂಡ ದಿನವೇ ಪ್ರೈಮರ್ ಬೀಳಬೇಕು. ಈ ಮಳೆಗಾಲದ ತೇವದಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಮತ್ತೆ ಕೆಂಪಗಾಗಿರುತ್ತೆ. ಪ್ರೈಮರ್, ಬಣ್ಣ ಎರಡನ್ನೂ ಕಾರ್ ಪೇಂಟ್ ಮಾಡೋರ ಹತ್ತಿರ ಮಾಡಿಸಿ. ಹಾರ್ಡನರ್ ಬೆರೆಸೋ ಬಣ್ಣದ ಹೊಗೆ ಶ್ವಾಸಕೋಶಕ್ಕೆ ಒಳ್ಳೇದಲ್ಲ, ಸರಿಯಾದ ಮಾಸ್ಕಿಲ್ಲದೆ ಮನೆಯಲ್ಲಿ ಹೊಡೆಯೋ ಕೆಲಸ ಅಲ್ಲ ಅದು. ‘ತೆಳುವಾಗಿ ಕೋಟ್ ಕೊಡಿ, ಲಗ್ ಹತ್ತಿರ ಪುಟ್ಟಿ ತುಂಬಬೇಡಿ’ ಅಂತ ಎದುರಿಗೇ ನಿಂತು ಹೇಳಿ.

ಇನ್ನು ನನಗೆ ಎಲ್ಲಕ್ಕಿಂತ ಆಸೆ ಇರೋ ಕೆಲಸ. ಈ ಲಗ್ ಅಂಚಿನುದ್ದಕ್ಕೂ ಚಿನ್ನದ ಬಣ್ಣದಲ್ಲಿ ಕೂದಲೆಳೆ ಗೆರೆ ಎಳೀತಾರೆ, ಕೈಯಲ್ಲೇ. ಇಂಗ್ಲೆಂಡಿನ ಡಾರ್ಬಿಯಲ್ಲಿ 1946ರಲ್ಲಿ ಶುರುವಾದ ಮರ್ಸಿಯನ್ ಸೈಕಲ್ ಕಾರ್ಖಾನೆ ಇಂಥ ಗೆರೆಗೇ ಹೆಸರಾಗಿತ್ತು. ನಮ್ಮೂರಲ್ಲಿ ಅದನ್ನು ಯಾರು ಮಾಡ್ತಾರೆ ಅಂತೀರಾ? ಅಂಗಡಿ ಬೋರ್ಡು ಬರೀತಿದ್ದ ಕಲಾವಿದರು ಮಾಡ್ತಾರೆ, ಮೇಷ್ಟ್ರೇ. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಮ್ಮಿಯಾಗಿದೆಯೇ ಹೊರತು ಕೈ ಮರೆತಿಲ್ಲ. ಉದ್ದ ಕೂದಲಿನ ಬ್ರಶ್ಶು ಎನಾಮಲ್ಲಿನಲ್ಲಿ ಅದ್ದಿ, ಕಿರುಬೆರಳು ಪೈಪಿಗೆ ಊರಿ, ಉಸಿರು ಹಿಡಿದು ಒಂದೇ ಎಳೆತಕ್ಕೆ ‘ಶ್ರೀ’ಯ ಬಾಲ ಬರೆದ ಕೈಗೆ ಲಗ್ ಸುತ್ತ ಗೆರೆ ಹಾಕೋದು ಕಷ್ಟವಲ್ಲ. ಅಗ್ರಹಾರದ ಹತ್ತಿರ ನನಗೊಬ್ಬರು ಗೊತ್ತು. ಅವರು ಕೇಳಿದಷ್ಟು ಕೊಡಿ, ಚೌಕಾಸಿ ಬೇಡ.

ಹೊಸ 531 ಸ್ಟಿಕರು ಗೆರೆ ಒಣಗಿದ ಮೇಲೆ, ಕೊನೆಯ ಕ್ಲಿಯರ್ ಲ್ಯಾಕರಿನ ಅಡಿಗೆ ಬರಬೇಕು, ಮೇಲಲ್ಲ. ತರಿಸುವಾಗ ಮಾತ್ರ ನೋಡಿ: ಮೂರು ಮುಖ್ಯ ಪೈಪು ಮಾತ್ರ 531 ಆಗಿದ್ದರೆ ಅದಕ್ಕೊಂದು ಸ್ಟಿಕರು, ಫೋರ್ಕು-ಹಿಂದಿನ ಕಾಲುಗಳೂ ಸೇರಿದ್ದರೆ ಇನ್ನೊಂದು. ಇರೋದನ್ನೇ ಅಂಟಿಸಬೇಕು, ಇಲ್ಲದ್ದನ್ನು ಹೇಳಿಕೊಳ್ಳಬಾರದು.

ಎಲ್ಲ ಒಣಗಿದ ಮೇಲೆ ಪೈಪುಗಳ ಒಳಗೆ ಅಗಸೆ ಎಣ್ಣೆ ಬಿಟ್ಟು, ಫ್ರೇಮನ್ನು ನಾಲ್ಕೂ ಕಡೆ ತಿರುಗಿಸಿ ಬಸಿದುಬಿಡೋಣ. ಒಳಗೆ ಪೊರೆಯಾಗಿ ಒಣಗುತ್ತೆ. ಎಣ್ಣೆ ಒರೆಸಿದ ಬಟ್ಟೆ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಹೊತ್ತಿಕೊಳ್ಳೋ ಜಾತಿ ಅದು. ಬಿಡಿಸಿ ಬಯಲಲ್ಲಿ ಹರವಿ. ಬಣ್ಣ ಮುಟ್ಟಿದರೆ ಅಂಟದಿದ್ದರೂ ಒಳಗೆ ಇನ್ನೂ ಮೆತ್ತಗಿರುತ್ತೆ, ಒಂದೆರಡು ವಾರ ಯಾವ ಕ್ಲ್ಯಾಂಪನ್ನೂ ಬಿಗೀಬಾರದು. ಅಷ್ಟರಲ್ಲಿ ಹಬ್ ಬಿಚ್ಚಿ ತೊಳೆದು, ಕಾಲಿಂಚಿನ ಬಾಲು, ಗ್ರೀಸು ತಂದಿಟ್ಟುಕೊಳ್ಳಬಹುದು. ಸ್ಪ್ಯಾನರ್ ಡಬ್ಬಿ ನನ್ನ ಹತ್ತಿರ ಇದೆ. ಸಂಜೆ ಕಾಫಿ ಆದ ಮೇಲೆ ಬರ್ತೀನಿ, ಮೊದಲು ಆ ಬಲಗಡೆ ಕಪ್ ಬಿಚ್ಚೋಣ.