ಕಲ್ಲೇಶಿಯ ಕಲ್ಲುಗಳು

ತಲೆ ತಗ್ಗಿಸಿ ನಡೆಯುವ ಹುಡುಗನನ್ನು ಕಂಡರೆ ಹಿಂದಿನವರು ಒಳ್ಳೆಯ ಮನೆತನದವನು ಅಂದುಕೊಳ್ಳುತ್ತಿದ್ದರು. ಈಗಿನವರು ಮೊಬೈಲ್ ನೋಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಕಲ್ಲೇಶಿಯ ವಿಷಯದಲ್ಲಿ ಎರಡೂ ಸುಳ್ಳು. ಅವನು ನೋಡುತ್ತಿರುವುದು ರಸ್ತೆ ಬದಿಗೆ ಸುರಿದ ಜಲ್ಲಿಯನ್ನು. ಮೈಸೂರಿನ ಯಾವುದೋ ಬಡಾವಣೆಯಲ್ಲಿ ಯಾರೋ ಮನೆ ಕಟ್ಟಲು ತರಿಸಿದ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಕಲ್ಲನ್ನು ಎತ್ತಿ, ಕೊರಳಲ್ಲಿ ನೇತಾಡುವ ಲೆನ್ಸನ್ನು ಕಣ್ಣಿಗೊತ್ತಿಕೊಂಡು ನೋಡಿ, ಒಂದನ್ನು ಜೇಬಿಗಿಳಿಸುತ್ತಾನೆ. ‘ಏನಪ್ಪಾ, ಲೋಡಲ್ಲಿ ಏನಾದ್ರೂ ಮೋಸವಾ?’ ಎಂದು ಯಜಮಾನರು ಮೇಲಿನಿಂದ ಕೂಗುತ್ತಾರೆ. ‘ಇಲ್ಲ ಸಾರ್, ಗಾರ್ನೆಟ್ ಇದೆ’ ಎನ್ನುತ್ತಾನೆ ಇವನು, ಸಂತೋಷದಿಂದ. ಗಾರ್ನೆಟ್ ಅಂದರೆ ಕಲಬೆರಕೆ ಇರಬೇಕೆಂದು ಯಜಮಾನರು ಅವತ್ತು ರಾತ್ರಿಯೇ ಕಂಟ್ರಾಕ್ಟರನಿಗೆ ಫೋನು ಹಚ್ಚುತ್ತಾರೆ.

ಮನೆಯಲ್ಲಿಟ್ಟ ಹೆಸರು ಬೇರೆ. ಕಲ್ಲೇಶಿ ಅನ್ನುವುದು ಹಾಸ್ಟೆಲಿನ ನಾಮಕರಣ. ಇಂಥವನೊಬ್ಬ ಎಲ್ಲ ಊರಿನಲ್ಲೂ ಸಿಗುತ್ತಾನೆ. ಪಿಯುಸಿಯಲ್ಲಿ ಒಳ್ಳೇ ಮಾರ್ಕ್ಸು, ಸಿಇಟಿಯಲ್ಲಿ ಸೀಟು. ಅದನ್ನು ಬಿಟ್ಟು ಬಿಎಸ್ಸಿ ಭೂವಿಜ್ಞಾನ, ಈಗ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ. ನಮ್ಮ ಕಲ್ಲೇಶಿಯ ಮನೆ ತೀರ್ಥಹಳ್ಳಿ ಕಡೆ, ಅಡಕೆ ತೋಟದವರು. ‘ಮಗ ಎಂಥ ಓದ್ತಾ ಇದಾನೆ?’ ಎಂದು ಕೇಳಿದವರಿಗೆ ಅವರಪ್ಪಯ್ಯ ಮೊದಮೊದಲು ವಿವರಿಸಿ ಹೇಳುತ್ತಿದ್ದರು. ಎಷ್ಟು ಹೇಳಿದರೂ ಕೊನೆಗೆ ‘ಹಂಗಾರೆ ಕ್ವಾರಿ ಹಾಕ್ತಾನೆ ಅನ್ನಿ’ ಎಂದೇ ಮಾತು ಮುಗಿಯುವುದು ನೋಡಿ, ಈಗ ಅವರು ಸುಮ್ಮನೆ ‘ಹ್ಞೂಂ’ ಅನ್ನುತ್ತಾರೆ.

ಇವನನ್ನು ಪ್ರವಾಸಕ್ಕೆ ಕರೆದೊಯ್ಯುವುದು ಕಷ್ಟ. ಹಳೇಬೀಡಿನಲ್ಲಿ ಎಲ್ಲರೂ ಶಿಲ್ಪ ನೋಡುತ್ತಿದ್ದರೆ ಇವನು ಕಲ್ಲು ನೋಡುತ್ತಾನೆ. ಹೊಯ್ಸಳರು ಬಳಪದ ಕಲ್ಲನ್ನು ಯಾಕೆ ಆರಿಸಿದರು, ಗಣಿಯಿಂದ ತೆಗೆದಾಗ ಅದು ಎಷ್ಟು ಮೆದು, ಒಡವೆಯ ಎಳೆ ಎಳೆಯನ್ನೂ ಕೆತ್ತಲು ಸಾಧ್ಯವಾದದ್ದು ಅದರಿಂದಲೇ ಎಂದು ಹೇಳುವವರೆಗೆ ಚೆನ್ನಾಗಿಯೇ ಇರುತ್ತದೆ. ಆಮೇಲೆ ಉಗುರಲ್ಲಿ ಗೀರಿ ತೋರಿಸಲು ಹೋಗುತ್ತಾನೆ. ಕಾವಲುಗಾರ ಸೀಟಿ ಊದುತ್ತಾನೆ. ಗೃಹಪ್ರವೇಶಗಳಿಗಂತೂ ಕರೆಯಲೇಬಾರದು. ಊಟ ಮುಗಿಸಿ ಎಲೆ ಅಡಕೆ ಹಾಕಿಕೊಳ್ಳುವ ಬದಲು ಅಡುಗೆಮನೆಯ ಕಟ್ಟೆಯನ್ನು ತಡವಿ, ‘ಇದು ಚಾಮರಾಜನಗರದ ಕಡೆಯದು. ಬ್ಲ್ಯಾಕ್ ಗ್ರಾನೈಟ್ ಅಂತ ಮಾರ್ತಾರೆ, ಆದ್ರೆ ಗ್ರಾನೈಟೇ ಅಲ್ಲ, ಡಾಲರೈಟು’ ಎಂದು ಬಿಡುತ್ತಾನೆ. ಸಾಲ ಮಾಡಿ ಗ್ರಾನೈಟ್ ಹಾಕಿಸಿದವರ ಮುಖ ನೋಡಬೇಕು ಆಗ.

ಇದೆಲ್ಲ ಹೋಗಲಿ. ಸ್ಫಟಿಕದ ಮಾಲೆಯ ಪ್ರಕರಣವನ್ನು ಮಾತ್ರ ಅವನ ಮನೆಯಲ್ಲಿ ಇನ್ನೂ ಯಾರೂ ಮರೆತಿಲ್ಲ. ಸೋದರತ್ತೆ ಕಾಶಿಯಿಂದ ತಂದ ಮಾಲೆ; ದಿನಾ ಬೆಳಿಗ್ಗೆ ಅದರಲ್ಲೇ ಜಪ. ‘ನೀನು ಇದೇ ಓದಿದವನಲ್ದಾ, ಹ್ಯಾಂಗಿದೆ ನೋಡು ಮಾರಾಯ’ ಎಂದು ಅವರೇ ಹೆಮ್ಮೆಯಿಂದ ಕೈಗೆ ಕೊಟ್ಟರು. ಇವನು ಮೊದಲು ಒಂದು ಮಣಿಯನ್ನು ಕೆನ್ನೆಗೆ ಒತ್ತಿಕೊಂಡ. ನಿಜವಾದ ಸ್ಫಟಿಕ, ಅಂದರೆ ಕ್ವಾರ್ಟ್ಜ್, ಗಾಜಿಗಿಂತ ತಣ್ಣಗಿರುತ್ತದೆ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಲೆನ್ಸಲ್ಲಿ ನೋಡಿದ. ಮಣಿಯೊಳಗೆ ದುಂಡನೆಯ ಪುಟಾಣಿ ಗುಳ್ಳೆ. ಕರಗಿಸಿ ಎರಕ ಹೊಯ್ದ ಗಾಜಿನಲ್ಲಲ್ಲದೆ ಅಂಥ ಗುಳ್ಳೆ ಬರುವುದಿಲ್ಲ. ಬೇರೆ ಯಾರಾದರೂ ಆಗಿದ್ದರೆ ‘ಚೆನ್ನಾಗಿದೆ ಅತ್ತೆ’ ಎಂದು ವಾಪಸು ಕೊಡುತ್ತಿದ್ದರು. ಇವನು ‘ಇದು ಗಾಜು ಅತ್ತೆ’ ಅಂದ.

ಜಗುಲಿಯಲ್ಲಿ ಮಾತು ನಿಂತಿತು. ಅತ್ತೆ ಸ್ವಲ್ಪ ಹೊತ್ತು ಬಿಟ್ಟು, ‘ಹಂಗಾರೆ ಇಷ್ಟು ವರ್ಷ ಮಾಡಿದ ಜಪ?’ ಎಂದು ಕೇಳಿದರು. ಕಲ್ಲೇಶಿ ನಿಜಕ್ಕೂ ಯೋಚಿಸಿದ. ‘ಗಾಜಿನ ಗಡಸುತನ ಐದೂವರೆ, ಸ್ಫಟಿಕದ್ದು ಏಳು. ಜಪಕ್ಕೆ ಎಷ್ಟು ಬೇಕು ಅಂತ ಮೋಸ್ ಬರೆದಿಲ್ಲ ಅತ್ತೆ’ ಅಂದ. ಮೋಸ್ ಅನ್ನುವವರು 1812ರಲ್ಲಿ ಖನಿಜಗಳನ್ನು ಗಡಸುತನದ ಮೇಲೆ ಒಂದರಿಂದ ಹತ್ತಕ್ಕೆ ಸಾಲು ನಿಲ್ಲಿಸಿದ ಜರ್ಮನ್ ವಿದ್ವಾಂಸರು. ಅತ್ತೆಗೆ ಮಾತ್ರ ಅದು ‘ಮೋಸ’ ಎಂದೇ ಕೇಳಿಸಿತು. ಮಾಲೆ ಮಾರಿದವನ ಬಗ್ಗೆ ಹೇಳುತ್ತಿದ್ದಾನೆ ಅಂದುಕೊಂಡರು.

ತಪ್ಪು ಪೂರ್ತಿ ಇವನದಲ್ಲ ಅನ್ನುತ್ತೇನೆ ನಾನು. ಸುಳ್ಳು ಹೇಳಲು ಬಾರದ ವಿದ್ಯೆಯದು. ಒಂದೇ ಬಗೆಯ ಹರಳಿನ ಮುಖಮುಖಗಳ ನಡುವಿನ ಕೋನ ಅಳೆದರೆ, ಅದು ಎಲ್ಲಿಯ ಕಲ್ಲಾದರೂ ಅಷ್ಟೇ ಬರುತ್ತದೆ ಎಂದು ಸ್ಟೆನೋ ಎಂಬ ವಿದ್ವಾಂಸ 1669ರಲ್ಲೇ ಕಂಡುಕೊಂಡಿದ್ದ. ಹಾಗೆ ಅಳೆದು ಅಳೆದು ಅಭ್ಯಾಸವಾದವನಿಗೆ ‘ಹೆಚ್ಚುಕಮ್ಮಿ’ ಅನ್ನುವ ಮಾತು ಬಾಯಿಗೆ ಬರುವುದು ಕಷ್ಟ.

ಕಲ್ಲು ಆಯುವುದು ಸಾಲದೆ ಹೋದಾಗ ಹರಳು ಬೆಳೆಸುವ ಹುಚ್ಚು ಹತ್ತಿತು. ರಜೆಗೆ ಬಂದವನು ಅಮ್ಮನ ಉಪ್ಪಿನಕಾಯಿ ಭರಣಿ ತೊಳೆದು, ಬಿಸಿನೀರಿನಲ್ಲಿ ಪಟಿಕ ಕದಡಿ, ಬಟ್ಟೆಯಲ್ಲಿ ಸೋಸಿ, ಅದರೊಳಗೆ ಒಂದು ಪುಟ್ಟ ಹರಳನ್ನು ದಾರದಲ್ಲಿ ಇಳಿಬಿಟ್ಟ. ಮೇಲೆ ಪೇಪರು ಮುಚ್ಚಿ, ದೇವರ ಕೋಣೆಯ ಪಕ್ಕದ ಮೂಲೆಯಲ್ಲಿಟ್ಟ. ನೀರು ಮೆಲ್ಲಗೆ ಆರಬೇಕು, ಅಲುಗಬಾರದು, ಇದು ಷರತ್ತು. ಆ ಮನೆಯಲ್ಲಿ ಅವತ್ತಿನಿಂದ ಫ್ಯಾನು ಬಂದ್. ಬಾಗಿಲು ದಡಾರನೆ ಹಾಕುವಂತಿಲ್ಲ. ನೆಲ ಅದುರುತ್ತದೆಂದು ಗ್ರೈಂಡರ್ ಹಚ್ಚುವಂತಿಲ್ಲ, ಹಾಗಾಗಿ ದೋಸೆಯೂ ಇಲ್ಲ. ಹರಳೇನೋ ಬೆಳೆಯಿತು. ಎಂಟು ತ್ರಿಕೋನದ ಮುಖ, ಚೂಪಾದ ಆರು ಮೂಲೆ, ಒಳಗೆ ಒಂದು ಬಿರುಕಿಲ್ಲ. ತೆಗೆದು ಕಿಟಕಿಯ ಮೇಲಿಟ್ಟು, ಪ್ರೊಫೆಸರಿಗೆ ಫೋಟೋ ಕಳಿಸಲು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ. ಇಳಿದು ಬರುವಷ್ಟರಲ್ಲಿ ಅಪ್ಪಯ್ಯ ಗಡ್ಡ ಹೆರೆದು, ಕೊಯ್ದುಕೊಂಡ ಕಡೆಗೆಲ್ಲ ಅದನ್ನು ಚೆನ್ನಾಗಿ ಉಜ್ಜಿಕೊಂಡಿದ್ದರು. ‘ಪಟಿಕ ಭಾರೀ ಪಸಂದಾಗಿದೆ, ಎಲ್ಲಿ ತಂದ್ಯೋ?’ ಎಂದೂ ಕೇಳಿದರು. ಎಂಟು ಮುಖದಲ್ಲಿ ಮೂರು ಅವರ ಮುಖಕ್ಕೆ ಸಂದಿದ್ದವು.

ಅಟ್ಟದ ಮೇಲೆ ಅಡಕೆ ಮೂಟೆಗಿಂತ ಕಲ್ಲಿನ ಮೂಟೆ ಹೆಚ್ಚಾದಾಗ ಅಮ್ಮ ಒಂದು ಸಲ ತಿರುಗಿಬಿದ್ದರು. ಕಲ್ಲೇಶಿ ಸಿ.ವಿ. ರಾಮನ್ ಅವರನ್ನು ಕರೆತಂದ. ಅವರೂ ಕಲ್ಲು, ಹರಳು, ವಜ್ರ ಕೂಡಿಹಾಕುತ್ತಿದ್ದರು, ಅವರ ಸಂಗ್ರಹ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಈಗಲೂ ಇದೆ ಎಂದ. ‘ಅವರಿಗೆ ಇಡೋಕೆ ಸಂಸ್ಥೆ ಇತ್ತು. ನಿಂಗೆ ಇರೋದು ನನ್ನ ಅಟ್ಟ’ ಎಂದರು ಅಮ್ಮ.

ಅಪ್ಪಯ್ಯನನ್ನು ಒಲಿಸಿಕೊಳ್ಳಲು ಇವನು ಬೇರೆ ದಾರಿ ಹಿಡಿದ. ‘ಕೊಳೆರೋಗಕ್ಕೆ ನೀವು ಹೊಡಿಯೋ ಮೈಲುತುತ್ತ ಇದೆಯಲ್ಲ ಅಪ್ಪಯ್ಯ, 1912ರಲ್ಲಿ ಮ್ಯೂನಿಕ್‌ನಲ್ಲಿ ಲೌಯೆ ಕಡೆಯವರು ಮೊದಲು ಎಕ್ಸ್-ರೇ ಹಾಯಿಸಿದ್ದು ಅದರ ಹರಳಿಗೇ. ಒಳಗೆ ಪರಮಾಣುಗಳು ಸಾಲಾಗಿ ಕೂತಿವೆ ಅಂತ ಗೊತ್ತಾಗಿದ್ದು ಅದರಿಂದಲೇ.’ ಅಪ್ಪಯ್ಯ ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಆಸಕ್ತಿಯಿಂದ ಕನ್ನಡಕ ಸರಿಮಾಡಿಕೊಂಡು ಕೇಳಿದರು: ‘ಸುಣ್ಣ ಎಷ್ಟು ಹಾಕಿದ್ರಂತೆ?’

ಅಷ್ಟಕ್ಕೇ ಬಿಡದೆ ಇವನು ಬ್ರಾಗ್ ತಂದೆ–ಮಗನ ಕಥೆಗೆ ಹೋದ. ಇಬ್ಬರೂ ಸೇರಿ ಹರಳಿನ ರಚನೆ ಬಿಡಿಸಿದರು, 1915ರ ನೊಬೆಲ್ ಇಬ್ಬರಿಗೂ ಬಂತು, ಮಗನಿಗಾಗ ಬರೀ 25 ವರ್ಷ. ‘ನಿಂಗೀಗ ಎಷ್ಟು?’ ಎಂದರು ಅಪ್ಪಯ್ಯ. ಕಥೆ ಅಲ್ಲಿಗೇ ನಿಂತಿತು.

ಈಗ ಅವನ ಮನಸ್ಸು ಸ್ಫಟಿಕ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವುದರ ಮೇಲಿದೆ. ಅಲ್ಲಿ ಎಕ್ಸ್-ರೇ ಯಂತ್ರಕ್ಕೆ ಮಿಲಿಮೀಟರಿನ ಹತ್ತನೇ ಎರಡು ಭಾಗದಷ್ಟು ಹರಳಿದ್ದರೆ ಸಾಕು. ಅದನ್ನು ಗಾಜಿನ ಎಳೆಯ ತುದಿಗೆ ಅಂಟಿಸಿ ಕೂರಿಸುತ್ತಾರೆ. ಇನ್ನು ಮೂಟೆ ಬರುವುದಿಲ್ಲವೆಂದು ತಿಳಿದು ಅಮ್ಮ ನೆಮ್ಮದಿಯ ಉಸಿರು ಬಿಟ್ಟರು. ಮರುಕ್ಷಣವೇ, ಅಂಥದ್ದೇನಾದರೂ ಮನೆಗೆ ತಂದರೆ ಕಸ ಗುಡಿಸುವ ಮುಂಚೆ ತನ್ನನ್ನು ಕೇಳಬೇಕು ಅಂತಾನೆ ಎಂದು ಹೊಳೆದು ಮತ್ತೆ ಚಿಂತೆಗೆ ಬಿದ್ದರು.

ಅವನು ಅಲ್ಲಿಗೆ ಸೇರುವ ತನಕ ಫೀಲ್ಡಿಗೆ ಹೋಗುವುದು ತಪ್ಪುವುದಿಲ್ಲ. ಹೊಳೆನರಸೀಪುರದ ಕಯನೈಟು, ದೊಡ್ಡಕಾನ್ಯದ ಮ್ಯಾಗ್ನಸೈಟು ಎಲ್ಲ ಊರಿಗೆ ಹೊರಡುತ್ತಲೇ ಇರುತ್ತವೆ. ಆದ್ದರಿಂದ ಮೈಸೂರು–ಶಿವಮೊಗ್ಗ ಬಸ್ಸಿನಲ್ಲಿ ಓಡಾಡುವವರಲ್ಲಿ ಒಂದು ಕೋರಿಕೆ. ಸಣಕಲು ಹುಡುಗನೊಬ್ಬ ‘ಸಾರ್, ಈ ಬ್ಯಾಗ್ ಸ್ವಲ್ಪ ಮೇಲಿಡ್ತೀರಾ’ ಅಂದರೆ ಒಂದೇ ಕೈಯಲ್ಲಿ ಎತ್ತಲು ಹೋಗಬೇಡಿ, ಸೊಂಟ ಹಿಡಿದೀತು. ಒಳಗೇನಿದೆ ಎಂದು ಕೇಳುವ ಆಸೆಯಾದರೆ ನಿಮ್ಮ ಸ್ಟಾಪು ಹತ್ತಿರ ಬಂದ ಮೇಲೆ ಕೇಳಿ. ಬೆರಳಲ್ಲಿ ಪುಷ್ಯರಾಗದ ಉಂಗುರವಿದ್ದರೆ ಆ ಕೈ ಇಳಿಯುವ ತನಕ ಜೇಬಿನಲ್ಲೇ ಇರಲಿ.