ಶನಿವಾರ ನಮ್ಮನ್ನು ನೋಡ್ತಾರೆ

ಕೂಸನ್ನು ದತ್ತು ತಗೊಳ್ಳುವವರಿಗೆ ಒಂದು ಅನುಕೂಲವಿದೆ. ನಿಮ್ಮ ತಲೆ ಯಾಕೆ ಬೋಳು, ಸಾರಿಗೆ ಯಾಕೆ ಉಪ್ಪು ಸಾಲದು ಎಂದು ಅದು ಕೇಳುವುದಿಲ್ಲ. ನಾವು ಕಾದಿರುವುದು ಹತ್ತು ವರ್ಷದ ಅಕ್ಕನಿಗೆ, ಏಳು ವರ್ಷದ ತಮ್ಮನಿಗೆ. ಇಬ್ಬರಿಗೂ ಬಾಯಿದೆ, ಅಭಿಪ್ರಾಯವಿದೆ. ಸಾಲದ್ದಕ್ಕೆ ಬೆನ್ನಿಗೆ ಕಾನೂನೂ ಇದೆ: ಮಗುವಿನ ವಯಸ್ಸು, ತಿಳಿವಳಿಕೆ ನೋಡಿಕೊಂಡು ಅದರ ಇಷ್ಟವನ್ನೂ ಗಮನಿಸಿಯೇ ದತ್ತು ಆದೇಶ ಕೊಡಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ.

ಸರ್ಕಾರದ ಪರೀಕ್ಷೆಯೇ ಸುಲಭವಾಗಿತ್ತು. 2022ರ ದತ್ತು ನಿಯಮಗಳಂತೆ ಎರಡು ವರ್ಷದೊಳಗಿನ ಕೂಸು ಬೇಕೆಂದರೆ ಗಂಡ ಹೆಂಡಿರ ವಯಸ್ಸು ಕೂಡಿ 85 ಮೀರಬಾರದು. ನಾಲ್ಕರಿಂದ ಎಂಟರ ಮಗುವಿಗೆ 100, ಅದಕ್ಕೂ ದೊಡ್ಡವರಿಗೆ 110. ನನ್ನದು 51, ಇವಳದು 48, ಒಟ್ಟು 99. ಗಣಿತದಲ್ಲಿ ನನಗೆ ಇಷ್ಟು ಬಂದದ್ದು ಜೀವಮಾನದಲ್ಲಿ ಇದೇ ಮೊದಲು. ಪ್ಯಾನ್ ಕಾರ್ಡು, ವೈದ್ಯರ ಪ್ರಮಾಣಪತ್ರ ಎಲ್ಲ ಕೇಂದ್ರದ ದತ್ತು ಪ್ರಾಧಿಕಾರವಾದ ಕಾರಾದ ಪೋರ್ಟಲ್‌ಗೆ ಏರಿದವು. ನಾವು ಒಳ್ಳೆಯವರೆಂದು ಪರಿಚಯದ ಇಬ್ಬರು ಪತ್ರ ಕೊಡಬೇಕಿತ್ತು. ಆ ಇಬ್ಬರನ್ನು ಹುಡುಕುವುದಕ್ಕೆ ಮಾತ್ರ ಸ್ವಲ್ಪ ತಡವಾಯಿತು.

ಮನೆ ನೋಡಲು ಬಂದ ಸಮಾಜ ಕಾರ್ಯಕರ್ತೆ ಕಾಫಿ ಕುಡಿಯುತ್ತಾ ಪಾಠ ಮಾಡಿದರು. ಮೊದಲ ದಿನವೇ ಅಪ್ಪ, ಅಮ್ಮ ಅನ್ನಿ ಎಂದು ಹಟ ಹಿಡಿಯಬೇಡಿ. ಹಳೆಯದನ್ನು ಕೆದಕಬೇಡಿ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ದಿಂಬಿನಡಿ ಚಪಾತಿ ಸಿಕ್ಕರೆ ಬೈಯಬೇಡಿ. ನಾಳೆಯೂ ಊಟ ಇರುತ್ತದೆ ಅಂತ ನಂಬಿಕೆ ಬರಲು ಸಮಯ ಬೇಕು. ಮೊದಮೊದಲು ತೀರಾ ಸಾಧುಗಳಾಗಿರಬಹುದು. ಆಮೇಲೆ ಗಲಾಟೆ ಶುರುವಾದರೆ ಸಲಿಗೆ ಬಂತು ಅಂತ ಖುಷಿಪಡಿ.

"ಮದುವೆಯಾದ ಹೊಸದರಲ್ಲಿ ಇವರೂ ಹಾಗೇ ಇದ್ದರು," ಅಂದಳು ನನ್ನವಳು.

ಮಕ್ಕಳಿಗೆ ಮೊದಲೇ ತೋರಿಸಲು ಒಂದು ಆಲ್ಬಂ ಬೇಕಂತೆ. ಹೆಣ್ಣು ನೋಡಲು ಹೋದಾಗ ಕೇಸರಿಬಾತು ತಿಂದು, "ಮನೆಗೆ ಹೋಗಿ ತಿಳಿಸ್ತೀವಿ" ಅಂದು ಗತ್ತಿನಿಂದ ಎದ್ದು ಬಂದವನು ನಾನು. ಈಗ ತಟ್ಟೆ ನನ್ನ ಕೈಗೆ ಬಂದಿದೆ. ಕೋಟು ಹಾಕಿ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ನೋಡಿ ಇವಳು, "ಇದಕ್ಕೆ ಸಾಲಗಾರರೂ ಹೆದರ್ತಾರೆ, ಮಕ್ಕಳ ಪಾಡೇನು?" ಅಂದಳು. ಕೊನೆಗೆ ಬನಿಯನ್ನಿನಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಫೋಟೋ ಹೋಯಿತು. ಜೊತೆಗೆ ಮಲಗುವ ಕೋಣೆ, ಬಚ್ಚಲುಮನೆ, ಗೇಟಿನ ಹತ್ತಿರದ ನಾಯಿ, ಅಮ್ಮ.

ಆಲ್ಬಂ ನೋಡಿದವರಿಂದ ಎರಡು ಪ್ರಶ್ನೆ ಬಂದವು. ಅಕ್ಕನದು: "ಸಿಟ್ಟು ಬಂದರೆ ವಾಪಸ್ ಕಳಿಸಿಬಿಡ್ತಾರಾ?" ತಮ್ಮನದು: "ಸ್ಕೂಲಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಕೊಡ್ತಾರೆ. ಆ ಮನೇಲಿ?"

ಮೊದಲನೆಯದಕ್ಕೆ ಇಬ್ಬರೂ ಒಂದೇ ಉಸಿರಿಗೆ "ಇಲ್ಲ" ಅಂದೆವು. ನಮ್ಮ ಸಂಸಾರದಲ್ಲಿ ಚರ್ಚೆಯಿಲ್ಲದೆ ಪಾಸಾದ ಠರಾವು ಅದೊಂದೇ. ಎರಡನೆಯದು ಕಠಿಣ. ನಮ್ಮ ಅಡುಗೆಮನೆಗೆ ಈರುಳ್ಳಿ ಬಂದದ್ದೇ ಅಮ್ಮನ ಅಪ್ಪಣೆ ಪಡೆದು. ರಾತ್ರಿಯೆಲ್ಲ ಮಗ್ಗುಲು ಬದಲಿಸಿದ ಅಮ್ಮ ಬೆಳಿಗ್ಗೆ ತೀರ್ಪು ಕೊಟ್ಟಳು: "ಬೇರೆ ಪಾತ್ರೆ, ಬೇರೆ ಒಲೆ. ಏಕಾದಶಿ ದಿನ ಮಾತ್ರ ಬೇಡ."

ಮಕ್ಕಳು ಒಪ್ಪಿದರೂ ನಮಗೆ ಬಿಡುಗಡೆಯಿಲ್ಲ. ಜಿಲ್ಲಾಧಿಕಾರಿಗಳ ಆದೇಶ ಬರುವ ತನಕ ಮಕ್ಕಳು ನಮ್ಮಲ್ಲಿ ದತ್ತುಪೂರ್ವ ಪೋಷಣೆಯಲ್ಲಿರುತ್ತಾರೆ. ಆಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ವರದಿ. ಓದಿನ ಅಂಕ ಮಕ್ಕಳದು, ನಡತೆಯ ಅಂಕ ನಮ್ಮದು.

"ಶನಿವಾರ ಬರಲಿ, ನೋಡ್ತೀವಿ," ಎಂದು ಅಕ್ಕ ಹೇಳಿಕಳಿಸಿದ್ದಾಳೆ. ಅಂದಿನಿಂದ ನನ್ನ ಅಂಗಿಗೆ ಇಸ್ತ್ರಿಯಾಗುತ್ತಲೇ ಇದೆ. ನಿನ್ನೆ ಅಮ್ಮ ಹತ್ತಿರ ಬಂದು ಪಿಸುಗುಟ್ಟಿದಳು: "ಹುಡುಗ ಹಿಂದೆಮುಂದೆ ನೋಡಿದರೆ ದಿನಕ್ಕೆರಡು ಮೊಟ್ಟೆ ಅಂತ ಹೇಳಿಬಿಡು."

ವರದಕ್ಷಿಣೆ ಕೊಡುವುದೂ ಅಪರಾಧ ಎನ್ನುತ್ತದೆ 1961ರ ಕಾಯ್ದೆ. ಪುಣ್ಯಕ್ಕೆ ಮೊಟ್ಟೆಯ ವಿಷಯ ಅದರಲ್ಲಿ ಬಂದಿಲ್ಲ.