ಮುಚ್ಚಳದ ಒಳಗಿನ ಚೀಟಿ

ನಮ್ಮೂರು ಸಂಪಿಗೆಯೇ ಸುಧನ್ವನ ಚಂಪಕಪುರಿ ಎಂಬುದು ಈ ಕಡೆಯ ನಂಬಿಕೆ. ಯುದ್ಧಕ್ಕೆ ತಡವಾಗಿ ಬಂದನೆಂದು ಹೆತ್ತ ಮಗ ಆ ಸುಧನ್ವನನ್ನೇ ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕಿಸಿದ ರಾಜನ ಊರು. ಕೊಬ್ಬರಿ ಸೀಮೆ ನೋಡಿ, ಎಣ್ಣೆಗೆ ಬರವಿರಲಿಲ್ಲ. ನನ್ನನ್ನು ಕೊಪ್ಪರಿಗೆಗೆ ಹಾಕಬೇಕಾದದ್ದು ಮಾತ್ರ ಆತುರಕ್ಕೆ.

ನಮ್ಮ ಲ್ಯಾಪ್‌ಟಾಪು ಕೂರುವುದು ಅಟ್ಟದ ಕೆಳಗೆ. ಮೇಲೆ ಹತ್ತು ತಿಂಗಳಿಂದ ಕಾಯಿಗಳು ಉಂಡೆ ಕೊಬ್ಬರಿಯಾಗುತ್ತ ಮಲಗಿವೆ. ದೂಳು, ನಾರು, ಹಲ್ಲಿ ಎಲ್ಲ ಕೆಳಗೆ. ಹಾಗಾಗಿ ಬೆಳಗಿನ ಹಾಡು ಹಚ್ಚಿ ಮುಚ್ಚಳ ಮುಚ್ಚಿಬಿಡುವುದು ನನ್ನವಳ ರೂಢಿ. ಮುಚ್ಚಿದರೆ ನಿದ್ದೆ ಹೋಗುವುದು ಲ್ಯಾಪ್‌ಟಾಪಿನ ಜಾತಿಗುಣ. ಅದನ್ನು ಬಿಡಿಸಲು ಎರಡು ವರ್ಷದ ಹಿಂದೆ ನಾನು ಅದನ್ನು ನಡೆಸುವ ಉಬುಂಟುವಿನ 'ಇಟಿಸಿ' ಫೋಲ್ಡರಿಗೆ ಹೊಕ್ಕು, 'ಲಾಗಿನ್‌ಡಿ.ಕಾನ್ಫ್' ಎಂಬ ಕಡತದಲ್ಲಿ 'ಹ್ಯಾಂಡಲ್‌ಲಿಡ್‌ಸ್ವಿಚ್' ಎದುರು 'ಇಗ್ನೋರ್' ಎಂದು ಬರೆದಿದ್ದೆ. ಮುಚ್ಚಿದರೂ ಮುಚ್ಚಿಲ್ಲ ಅಂದುಕೋ ಎಂದರ್ಥ. ಊರಿಗೆಲ್ಲ ಹೇಳಿಕೊಂಡೆ, ಎಲ್ಲೂ ಬರೆದಿಡಲಿಲ್ಲ.

ಮೊನ್ನೆ ಉಬುಂಟುವಿನ 22.04 ಆವೃತ್ತಿ ಹೋಗಿ 24.04 ಬರುವಾಗ ಅದು ನಡುವೆ ನಿಂತು ಕೇಳಿತು: ಈ ಕಡತವನ್ನು ನೀವು ತಿದ್ದಿದ್ದೀರಿ, ನಾವೂ ಹೊಸದು ತಂದಿದ್ದೇವೆ, ಯಾವುದಿರಲಿ? ಮನೆಯವರ ತಿದ್ದುಪಡಿಯನ್ನು ಕೇಳದೆ ಅಳಿಸಬಾರದೆಂಬುದು ಉಬುಂಟುವಿನ ತವರು ಡೆಬಿಯನ್‌ನ ಕಟ್ಟಳೆ. ವೈ ಒತ್ತಿದರೆ ಅವರದು, ಎನ್ ಒತ್ತಿದರೆ ನಮ್ಮದು, ಡಿ ಒತ್ತಿದರೆ ಎರಡಕ್ಕೂ ಇರುವ ವ್ಯತ್ಯಾಸ. ಏನೂ ತಿಳಿಯದವನು ಸುಮ್ಮನೆ ಎಂಟರ್ ಒತ್ತಿದರೂ ನಮ್ಮದೇ ಉಳಿಯುತ್ತದೆ. ನಾನು ತಿಳಿದವನು. ವೈ ಒತ್ತಿದೆ.

"ರೀ, ಮುಚ್ಚಿದ್ರೆ ಹಾಡು ನಿಲ್ಲುತ್ತೆ."

"ಹೊಸ ವರ್ಶನ್ ಕಣೇ, ಹಾಗೇ ಇರುತ್ತೆ."

ಮೂರು ದಿನ ಇದನ್ನೇ ಸಾಧಿಸಿದೆ. ನಾಲ್ಕನೇ ದಿನ ತೆರೆದ ಕೀಲಿಮಣೆಯ ಮೇಲೆ ಹಲ್ಲಿ ಬಿತ್ತು. ತಲೆ, ಭುಜ, ಮೊಣಕಾಲು, ಎಲ್ಲಿ ಬಿದ್ದರೂ ಪಂಚಾಂಗದಲ್ಲಿ ಫಲ ಸಿಗುತ್ತದೆ, ಸ್ಪೇಸ್‌ಬಾರಿಗೆ ಸಿಗಲಿಲ್ಲ.

ಬೆಂಗಳೂರಿನ ಮಗನಿಗೆ ಫೋನು ಹೋಯಿತು. "ಹಳೇದು ಎಲ್ಲೂ ಹೋಗಿಲ್ಲಪ್ಪ. ಹೆಸರಿಗೆ 'ಡಿಪಿಕೆಜಿ-ಓಲ್ಡ್' ಅಂತ ಬಾಲ ಅಂಟಿಸಿ ಪಕ್ಕದಲ್ಲೇ ಇಟ್ಟಿರುತ್ತೆ," ಎಂದ. ಅಟ್ಟಕ್ಕೆ ಹಾಕಿದ ಹಾಗೆ! "ಆದ್ರೆ ಈ ಸಲ ಅವರ ಕಡತ ಮುಟ್ಟಬೇಡ. 'ಲಾಗಿನ್‌ಡಿ.ಕಾನ್ಫ್.ಡಿ' ಅಂತ ಫೋಲ್ಡರ್ ಮಾಡಿ, ನಿನ್ನ ಸಾಲನ್ನ ಅದರೊಳಗೆ 'ಕಾನ್ಫ್' ಬಾಲದ ಬೇರೆ ಕಡತದಲ್ಲಿ ಇಡು. ಅವರದನ್ನ ಓದಿ ಆಮೇಲೆ ನಿಂದನ್ನ ಓದುತ್ತೆ. ಕೊನೆಗೆ ನಡೆಯೋದು ನಿನ್ನ ಮಾತೇ."

ನನ್ನ ಮಾತು ನಡೆಯುವ ಜಾಗ ಈ ಮನೆಯಲ್ಲಿ ಒಂದಾದರೂ ಇದೆಯಲ್ಲ ಎಂದು ಹಿಗ್ಗಿ, ಹಾಗೇ ಮಾಡಿ, ಈ ಉಪಾಯವನ್ನು ಹೆಂಡತಿಗೆ ಅರ್ಧ ಗಂಟೆ ವಿವರಿಸಿದೆ. ಅವಳು ಮಾತಾಡದೆ ಸಾರಿನಪುಡಿ ಡಬ್ಬ ಇಳಿಸಿ ಮುಚ್ಚಳ ತಿರುಗಿಸಿ ತೋರಿಸಿದಳು. ಒಳಗೊಂದು ಚೀಟಿ ಅಂಟಿತ್ತು: 'ಮೆಣಸಿನಕಾಯಿ ಅರ್ಧ. ಮೆಂತ್ಯ ಬೇಡ.'

ಪುಡಿಯ ಅಳತೆ ಬರೆದಿಟ್ಟ ಪುಸ್ತಕ ನಮ್ಮಮ್ಮನದು. ತಿಪಟೂರಿನ ಮಗಳ ಮನೆಯಿಂದ ಬಂದಾಗಲೆಲ್ಲ ಅಮ್ಮ ಅದನ್ನು ತೆಗೆದು ಅಷ್ಟಿಷ್ಟು ತಿದ್ದುವುದುಂಟು. ಸೊಸೆ ಅದರಲ್ಲಿ ಒಂದಕ್ಷರ ಮುಟ್ಟಿಲ್ಲ.

"ಅತ್ತೆ ಪುಸ್ತಕ ಅತ್ತೇದು. ಇದು ನಂದು. ಇಪ್ಪತ್ತೆರಡು ವರ್ಷ ಆಯ್ತು."

ಇಪ್ಪತ್ತೆರಡು ವರ್ಷದಿಂದ ಬಂದವರಿಗೆಲ್ಲ ಅಮ್ಮನ ಕೈಅಳತೆ ಎಂದು ಹೊಗಳಿ ಬಡಿಸಿದ ಸಾರು ಅದು. "ಅಮ್ಮನಿಗೆ ಗೊತ್ತಾ?" ಎಂದೆ.

"ಗೊತ್ತಾದ್ರೆ ಅದು ನಿಮ್ಮಿಂದ್ಲೇ," ಎಂದು ಡಬ್ಬದ ಮುಚ್ಚಳ ಒತ್ತಿ ಹಾಕಿದಳು.